ಎಡೆಯ ಸುತ್ತ ಚಿಮುಕಿಸಿದ ಗಂಜಲ

ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ಬೀರೂರಿನ ರೈಲ್ವೆ ಮನೆ ಖಾಲಿ ಮಾಡಿ ಅಜ್ಜಂಪುರಕ್ಕೆ, ಅತ್ತೆಯ ಮನೆಗೆ ಬಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಜೊತೆಗೆ ಅವರು ಸಾಕಿದ್ದ ಪುಟ್ಟ ಗಂಡುನಾಯಿ. ನಮಗೆ ಮಕ್ಕಳಿರಲಿಲ್ಲ. ಅವರದು ಅಂತ ನನ್ನ ಬಳಿ ಉಳಿದಿದ್ದ ಜೀವ ಅದೊಂದೇ. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನುವುದು ಬಿಟ್ಟರೆ ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ.

ಬೀರೂರಿನಲ್ಲಿ ಅದು ಒಂದು ದಿನವೂ ಒಳಗೆ ಗಲೀಜು ಮಾಡಿದ್ದಿಲ್ಲ. ಇಲ್ಲಿಗೆ ಬಂದ ವಾರದೊಳಗೆ ಶುರುವಾಯಿತು. ನಡುಮನೆಯ ಕಂಬ, ದೇವರ ಕೋಣೆಯ ಬಾಗಿಲು, ರಾಗಿ ಚೀಲ, ಎಲ್ಲೆಂದರಲ್ಲಿ ಕಾಲೆತ್ತುವುದು. ಹೆಚ್ಚೇನಲ್ಲ, ನಾಲ್ಕು ಹನಿ. ಅತ್ತೆಯ ಮೂಗಿಗೆ ಅಷ್ಟೇ ಸಾಕಾಗುತ್ತಿತ್ತು. ನಾಯಿ ಇರಬೇಕು ಇಲ್ಲ ತಾನಿರಬೇಕು ಅಂತ ರಂಪ ಮಾಡಿದರು. ಮೈದುನ ಕೋಲಿನಲ್ಲಿ ಹೊಡೆದ, ಅದರ ಮೂತಿಯನ್ನು ಆ ಒದ್ದೆಗೇ ತಿಕ್ಕಿದ. ಬಂದ ಭಾಗ್ಯವೆಂದರೆ, ನಾಯಿ ಅವನ ಕಣ್ಣು ತಪ್ಪಿಸಿ ಕಾಲೆತ್ತುವುದನ್ನು ಕಲಿಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅನ್ನ ಹಾಕುವ ಮನೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ.

ಮಗ ಹೋದಾಗಿನಿಂದ ಅತ್ತೆಗೆ ಮೈಲಿಗೆಯದೇ ಗೀಳು. ಸೂತಕ ಕಳೆದಿದ್ದರೂ ದಿನಾ ಬೆಳಿಗ್ಗೆ ಹಸುವಿನ ಗಂಜಲ ಹಿಡಿದು ತಂದು ಮಾವಿನೆಲೆಯಲ್ಲಿ ಮನೆಯೆಲ್ಲ ಚಿಮುಕಿಸುವರು. ನಾಯಿ ಉಚ್ಚೆ ಹೊಯ್ದ ಕಡೆಗಂತೂ ಶುದ್ಧವಾಗಲಿ ಅಂತ ಬೊಗಸೆ ತುಂಬ ಸುರಿಯುವರು. ಮಾರನೆಯ ದಿನ ನಾಯಿ ಸರಿಯಾಗಿ ಅಲ್ಲೇ ಮೂಸಿ ಅಲ್ಲೇ ಕಾಲೆತ್ತುವುದು.

ನಾನು ಮಲಗುತ್ತಿದ್ದುದು ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿ. ಅಲ್ಲಿಗೆ ಅತ್ತೆ ಬರುತ್ತಿರಲಿಲ್ಲ, ಗಂಜಲವೂ ಬರುತ್ತಿರಲಿಲ್ಲ. ನಾಯಿ ರಾತ್ರಿಯೆಲ್ಲ ನನ್ನ ಕಾಲ ಬಳಿ ಮಲಗಿದರೂ ಆ ಕೋಣೆಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಅಯ್ಯೋ ಮಂಕೇ, ಇಷ್ಟೇ ಅಲ್ಲವೇ ಅಂತ ಒಂದು ದಿನ ನನಗೇ ಹೊಳೆಯಿತು. ಹಸುವಿನ ಉಚ್ಚೆಯ ವಾಸನೆಗೆ ಇದು ತನ್ನದನ್ನು ಸೇರಿಸುತ್ತಿತ್ತು.

ಅತ್ತೆಗೆ ಹೇಳಿದೆ. ಗಂಜಲಾನೂ ನಾಯಿ ಉಚ್ಚೇನೂ ಒಂದೇ ಮಾಡ್ತೀಯಾ ಅಂತ ನನ್ನ ಮೇಲೆ ಹರಿಹಾಯ್ದರು. ಅತ್ತೂ ಕರೆದೂ ಕಾಲು ಹಿಡಿದ ಮೇಲೆ, ಸ್ವಲ್ಪ ದಿನ ನೋಡೋಣ ಅಂದರು. ನಾನು ಕಂಬ, ಬಾಗಿಲು, ಗೋಡೆಯ ಬುಡವನ್ನೆಲ್ಲ ಬಿಸಿನೀರು, ಸೋಪಿನಪುಡಿ ಹಾಕಿ ವಾಸನೆ ಹೋಗುವವರೆಗೂ ಉಜ್ಜಿದೆ. ಉಂಡ ಕೂಡಲೇ, ಎದ್ದ ಕೂಡಲೇ ನಾಯಿಯನ್ನು ಹಿತ್ತಿಲ ತೆಂಗಿನಮರದ ಹತ್ತಿರ ಕರೆದೊಯ್ದೆ. ಕಾಲೆತ್ತುವುದು ನಿಂತೇಹೋಯಿತು. ಅತ್ತೆ ಹೊಗಳಲಿಲ್ಲ, ಆದರೆ ಓಡಿಸುವ ಮಾತನ್ನೂ ಎತ್ತಲಿಲ್ಲ. ನಾನು ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ವರ್ಷದ ಎಡೆ ಬಂತು. ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ, ಫೋಟೋದ ಮುಂದೆ ಹೊಸ ಪಂಚೆ ಇಟ್ಟು, ಬಾಳೆಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ಇವತ್ತೊಂದು ದಿನ ಗಂಜಲ ಇಲ್ಲದೆ ಆಗದು ಅಂದರು ಅತ್ತೆ. ಬೇಡ ಅನ್ನಲು ನಾನ್ಯಾರು? ನಾಯಿಯನ್ನು ನನ್ನ ಕೋಣೆಯಲ್ಲಿ ಕಟ್ಟಿಹಾಕಿದೆ. ಅತ್ತೆ ಎಡೆಯ ಸುತ್ತಲೂ ಧಾರಾಳವಾಗಿ ಚಿಮುಕಿಸಿದರು. ನಾವು ಮುಂಬಾಗಿಲು ಮುಚ್ಚಿ ಜಗಲಿಯಲ್ಲಿ ನಿಂತೆವು. ತೆರೆದಾಗ ನಾಯಿ ಹಗ್ಗ ಕಡಿದುಕೊಂಡು ಬಂದು ಎಡೆಯ ಪಕ್ಕದಲ್ಲಿತ್ತು. ಎಲೆ ಒದ್ದೆಯಾಗಿತ್ತು.

ಮೈದುನ ಗೋಣಿಚೀಲ ತಂದ. ನಾನು ಅಡ್ಡ ನಿಂತೆ.

"ಅವ್ರು ಇದ್ದಾಗ ಒಂದೇ ತಟ್ಟೇಲಿ ಅದಕ್ಕೂ ಹಾಕಿ ತಾವೂ ಉಣ್ತಿದ್ರು ಕಣತ್ತೆ," ಅಂದೆ.

ಅತ್ತೆ ಫೋಟೋ ನೋಡುತ್ತಾ ಕೂತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ನನ್ ಮಗ ಹಸ್ಕೊಂಡು ನಿಂತಿದಾನೆ. ಹೋಗು, ಇನ್ನೊಂದು ಎಲೆ ಹಾಕು," ಅಂದರು.

ನಾನು ಎಲೆ ತರಲು ಹೋದೆ. ಬಡಿಸಿ ಮುಗಿಸುವಷ್ಟರಲ್ಲಿ ಮೈದುನ ನಾಯಿಯನ್ನು ಚೀಲಕ್ಕೆ ತುಂಬಿ ಹೊತ್ತುಕೊಂಡು ಬಸ್ಸಿಗೆ ಹೊರಟುಹೋಗಿದ್ದ. ದೂರದ ಎಮ್ಮೆದೊಡ್ಡಿ ಕಾವಲಿನ ಕಾಡಿನಲ್ಲಿ ಬಿಟ್ಟುಬಂದೆ ಅಂತ ವಾಪಸು ಬಂದಾಗ ಹೇಳಿದ. ಚೀಲದ ಬಾಯಿ ಬಿಚ್ಚಿದೆಯಾ ಅಂತ ಕೇಳಿದೆ. ಅವನು ಕೈತೊಳೆದುಕೊಂಡು ಊಟಕ್ಕೆ ಕೂತ.