ಅತ್ತೆಯ ಪಾಪ ನಾನು ಹೇಳಿಕೊಂಡದ್ದು

ಮೊನ್ನೆ ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಹೆಂಗಸೊಬ್ಬಳು ರೇಷ್ಮೆಗೂಡಿನ ಚೀಲವನ್ನು ನನ್ನ ಕಾಲ ಬುಡಕ್ಕೇ ತಂದಿಟ್ಟಳು. ಆ ವಾಸನೆ ನಿಮಗೆ ಗೊತ್ತಿದ್ದರೆ ವಿವರಿಸಬೇಕಿಲ್ಲ. ಗೊತ್ತಿಲ್ಲದಿದ್ದರೆ ವಿವರಿಸಿ ನಿಮ್ಮ ಊಟ ಕೆಡಿಸುವುದಿಲ್ಲ. ನನಗಂತೂ ಅದು ನಮ್ಮ ಅತ್ತೆ ಚೌರಮ್ಮನವರ ವಾಸನೆ.

ಕಾನ್ವೆಂಟಿನಲ್ಲಿ ಕ್ಯಾಟಕಿಸಂಗೆ, ಅಂದರೆ ಧರ್ಮಪಾಠಕ್ಕೆ, ನಾಲ್ಕು ವರ್ಷ ಫಸ್ಟ್ ಪ್ರೈಜ್ ಹೊಡೆದವಳು ನಾನು. ವಿಶ್ವಾಸಕ್ಕೂ ಸತ್ಕ್ರಿಯೆಗೂ ಏನು ಸಂಬಂಧ ಎಂದು ನಿದ್ದೆಯಲ್ಲಿ ಕೇಳಿದ್ದರೂ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಇಂಥ ವಿದುಷಿ ಹಾರೋಹಳ್ಳಿ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದೆ. ಅತ್ತೆಗೋ ಜಪಸರದ ಐದನೇ ಮಣಿಗೆಲ್ಲ ತೂಕಡಿಕೆ. ವಿಶ್ವಾಸಪ್ರಮಾಣ ಹೇಳುವಾಗ ನಡುವೆ ಎಲ್ಲೋ ಎರಡು ಸಾಲು ನುಂಗಿಯೇ ಆಮೆನ್ ಮುಟ್ಟುತ್ತಿದ್ದರು. ಆ ಎರಡು ಸಾಲಿಲ್ಲದೆ ಇವರನ್ನು ಸ್ವರ್ಗದೊಳಗೆ ಬಿಡುತ್ತಾರೋ ಇಲ್ಲವೋ ಎಂದು ನಾನು ಸೀರಿಯಸ್ಸಾಗಿ ವರಿ ಮಾಡಿಕೊಂಡಿದ್ದೆ.

ಆ ವರ್ಷದ ಗುಡ್ ಫ್ರೈಡೇ ಮಧ್ಯಾಹ್ನ, ಪಕ್ಕದ ಮನೆಯ ಪುಟ್ಟತಾಯಮ್ಮ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ರೇಷ್ಮೆಹುಳ ಸಾಕುತ್ತಿದ್ದವಳು. ಹಿಂದಿನ ವಾರ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಾಗಿಬಿಟ್ಟಿತ್ತು. ಸಂಜೆಯೊಳಗೆ ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುರಿಸಿಕೊಂಡು ಇಡೀ ಬೆಳೆ ಹಾಳು. ನಮ್ಮ ಬೀದಿಯವರೆಲ್ಲ ಚರ್ಚಿನ ಮೂರು ಗಂಟೆಯ ಆರಾಧನೆಗೆ ಹೊರಟು ನಿಂತಿದ್ದೆವು. ನಾನು ಅವಳ ನೆಟ್ಟಗಿದ್ದ ಕೈ ಹಿಡಿದು, ನಿನಗಾಗಿ ಸ್ಪೆಷಲ್ಲಾಗಿ ಪ್ರಾರ್ಥಿಸುತ್ತೇನೆ ಎಂದೆ. ನನ್ನ ದನಿ ನನಗೇ ಮದರ್ ಸುಪೀರಿಯರ್ ದನಿಯಂತೆ ಕೇಳಿಸಿತು.

"ಮಾಡು ತಾಯಿ," ಎಂದಳು ಅವಳು. "ಒಸಿ ಬಿರ್ರನೆ ಮಾಡು. ಹುಳ ಆಗ್ಲೇ ತಲೆ ಎತ್ಕಂಡವೆ."

ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳನ್ನು ಓದುವ ಗೌರವ ಆ ದಿನ ನನ್ನದು. ಎರಡನೇ ಸ್ಥಳ ಮುಗಿಸಿ ತಿರುಗಿ ನೋಡಿದರೆ ಅತ್ತೆಯ ಜಾಗ ಖಾಲಿ. ಉಳಿದ ಹನ್ನೆರಡನ್ನೂ ನಾನು ಆ ಖಾಲಿ ಜಾಗಕ್ಕೇ ಓದಿದೆ. ಹೊಲದಿಂದ ಬರುತ್ತಿದ್ದ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುವ ಭಾಗವನ್ನು ಎಷ್ಟು ಫೀಲಿಂಗಿನಿಂದ ಓದಿದೆನೆಂದರೆ, ಮುಂದಿನ ಸಾಲಿನ ಅಜ್ಜಿ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಏನೂ ಹೊಳೆಯಲಿಲ್ಲ.

ಅತ್ತೆ ಮುಸ್ಸಂಜೆಗೆ ಬಂದರು, ಸೀರೆಯ ತುಂಬ ನೂಲಿನ ಎಳೆ. ಇವತ್ತಿನ ದಿನ ಕೆಲಸ ಮಾಡುವುದೇ ಎಂದು ಕೇಳಿದರೆ, ಹುಳಕ್ಕೆ ಅದನ್ನು ಯಾರು ಹೇಳಬೇಕಿತ್ತು ಎಂದು ಕಾಲು ತೊಳೆಯಲು ಹೋದರು.

ಮರುದಿನ ಪಾಪನಿವೇದನೆ. ಅತ್ತೆ ಎರಡೇ ನಿಮಿಷಕ್ಕೆ ಎದ್ದು ಬಂದರು. ಅಂದರೆ ಆ ವಿಷಯ ಹೇಳಿಲ್ಲ ಎಂದಾಯಿತು. ಅವರ ಆತ್ಮದ ಮೇಲಿನ ಕಾಳಜಿಯಿಂದ ನಾನೇ ಹೇಳಿಬಿಟ್ಟೆ. ಜಾಲರಿಯ ಆಚೆ ಫಾದರ್ ನಿಟ್ಟುಸಿರುಬಿಟ್ಟರು.

"ಅವರದು ಆಯ್ತಮ್ಮ. ಇನ್ನು ನಿನ್ನದು ಹೇಳು."

ನನ್ನದು ಅಂಥದ್ದೇನೂ ಇಲ್ಲ ಎಂದೆ. ಆದರೂ ಪ್ರಾಯಶ್ಚಿತ್ತ ಸಿಕ್ಕಿತು: ಬುಧವಾರ ಪುಟ್ಟತಾಯಮ್ಮನ ಮನೆಗೆ ಹೋಗಿ ಗೂಡು ಬಿಡಿಸಿ ಕೊಡುವುದು. ಬದಲಿಗೆ ಐದು ಜಪಸರ ಮಾಡಲೇ ಎಂದು ಚೌಕಾಸಿ ಮಾಡಿ ನೋಡಿದೆ. ಒಪ್ಪಲಿಲ್ಲ.

ಹೋದೆ. ಮೂಗಿಗೆ ಸೆರಗು ಕಟ್ಟಿಕೊಂಡು, ಎರಡೇ ಬೆರಳಲ್ಲಿ ಗೂಡು ಕೀಳುತ್ತ ಕೂತೆ. ಪುಟ್ಟತಾಯಮ್ಮ ಸ್ವಲ್ಪ ಹೊತ್ತು ನನ್ನ ಸಂಭ್ರಮ ನೋಡಿ, "ಅವತ್ತು ಪ್ರಾರ್ಥನೆ ಮಾಡ್ತೀನಿ ಅಂದಿದ್ಯಲ್ಲ, ದೇವ್ರುನ್ನ ಏನಂತ ಕೇಳ್ದೆ?" ಎಂದಳು. ಚುಚ್ಚು ಮಾತಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಆಗ ನೆನಪಾಯಿತು. ನಾನು ಕೇಳಿಯೇ ಇರಲಿಲ್ಲ. ಅತ್ತೆಯ ಖಾಲಿ ಜಾಗ ಕಾಯುವ ಭರದಲ್ಲಿ ಇವಳ ಹೆಸರನ್ನೂ ಎತ್ತಿರಲಿಲ್ಲ. ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ, ಮರೆತೆ ಎಂದೆ. ನಿವೇದನೆಯಲ್ಲಿ ಹೇಳಬೇಕಿದ್ದ ಪಾಪ ಅದು, ಹೊರಬಿದ್ದದ್ದು ಹುಳದ ಮನೆಯಲ್ಲಿ.

ಅವಳು ಎಡಗೈಯಲ್ಲಿ ಒಂದು ಗೂಡನ್ನು ಬಲಿತಿದೆಯೇ ಎಂದು ಅಲ್ಲಾಡಿಸಿ ಕಿವಿಗಿಟ್ಟುಕೊಂಡಳು. "ಬುಡು," ಎಂದಳು. "ನಿಮ್ಮತ್ತೆ ಬಂದಿದ್ಲಲ್ಲ."

ಅತ್ತೆ ಆ ಎರಡು ಸಾಲು ಕಲಿಯದೆಯೇ ತೀರಿಕೊಂಡರು. ಅವರನ್ನು ಒಳಗೆ ಬಿಟ್ಟಿರುತ್ತಾರೆ, ಡೌಟಿಲ್ಲ. ನನಗೀಗ ವರಿ ಇರುವುದು ನನ್ನ ಬಗ್ಗೆಯೇ.

ಬಸ್ಸು ಗೂಡಿನ ಮಾರುಕಟ್ಟೆಯ ಹತ್ತಿರ ನಿಂತಿತು. ಚೀಲದ ಒಡತಿ ಇಳಿಸಲು ತಿಣುಕುತ್ತಿದ್ದಳು. ಒಂದು ಮೂಲೆಗೆ ನಾನು ಕೈ ಹಾಕಿದೆ.

"ಬುಡಿ ಅಜ್ಜಿ, ನಿಮ್ಮ ಕೈಲಾಗಕಿಲ್ಲ," ಎಂದಳು.

"ನೀನು ಎತ್ತಮ್ಮ," ಎಂದೆ. "ನನ್ನ ಸೊಂಟಕ್ಕೆ ಒಸಿ ಪ್ರಾರ್ಥನೆ ಮಾಡ್ಕೊ."