ಒಬ್ಬಳಿಗಾಗುವಷ್ಟು ಅಡುಗೆ

ಹುಣಸೆಹುಳಿಯಲ್ಲಿ ಸಾರಿನ ಪುಡಿ ಕುದಿಯುವ ವಾಸನೆ ಯಾರ ಮನೆಯ ಕಿಟಕಿಯಿಂದ ಬಂದರೂ ನನಗೆ ಚಾಮರಾಜಪೇಟೆಯ ಆ ಅಡುಗೆಮನೆ ನೆನಪಾಗುತ್ತದೆ. ಆ ಸಂಜೆ ಅಲ್ಲಿ ಇದ್ದವರು ನಾಲ್ಕು ಜನ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆದಿದ್ದ ದೊಡ್ಡಪ್ಪ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ದೊಡ್ಡಮ್ಮ, ಅಪ್ಪನಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದುದರಿಂದ ದೊಡ್ಡಪ್ಪನ ಮನೆಯಲ್ಲೇ ಇದ್ದು ಓದುತ್ತಿದ್ದ ಹತ್ತು ವರ್ಷದ ನಾನು, ಮತ್ತು ಹಿಂದಿನ ದಿನವಷ್ಟೇ ಒಂದು ತಗಡಿನ ಟ್ರಂಕು ಹಿಡಿದು ಬಂದಿದ್ದ ಮಂಜುಳಕ್ಕ. ನಾಲ್ವರೂ ಒಲೆಯ ಮೇಲಿನ ಪಾತ್ರೆಯನ್ನು ನೋಡುತ್ತಾ ನಿಂತಿದ್ದೆವು. ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುತ್ತಿದ್ದ ಪಾತ್ರೆ ಅದು. ಕಂಠದವರೆಗೂ ಸಾರು ತುಂಬಿತ್ತು.

“ಯಾರದಮ್ಮಾ ಮದುವೆ?” ಅಂದರು ದೊಡ್ಡಪ್ಪ.

“ಎಂಬತ್ತು ಜನಕ್ಕಾದ್ರೆ ಕಣ್ಮುಚ್ಕೊಂಡು ಮಾಡ್ತೀನಿ ಅಂಕಲ್,” ಮಂಜುಳಕ್ಕನ ದನಿ ಸಣ್ಣದಾಗಿತ್ತು. “ನಾಲ್ಕು ಜನಕ್ಕೆ ಎಷ್ಟು ಅಂತ ಗೊತ್ತಾಗ್ಲಿಲ್ಲ. ಕಮ್ಮೀನೇ ಹಾಕ್ದೆ.”

ಅವಳು ಬೆಳೆದದ್ದು ತಂದೆತಾಯಿಯಿಲ್ಲದ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ. ದೊಡ್ಡಮ್ಮ ವಾರಕ್ಕೆರಡು ದಿನ ಅಲ್ಲಿ ಹೊಲಿಗೆ ಹೇಳಿಕೊಡಲು ಹೋಗುತ್ತಿದ್ದಳು. ಹದಿನೆಂಟು ತುಂಬಿದ ಹುಡುಗಿಯರು ಅಲ್ಲಿಂದ ಹೊರಡಬೇಕು. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ನೋಡಲಾರದೆ ದೊಡ್ಡಮ್ಮ ನಮ್ಮ ಮಹಡಿ ಮೇಲಿನ ಕೋಣೆಯನ್ನು ಒಬ್ಬೊಬ್ಬಳಿಗೆ ಒಂದೊಂದು ವರ್ಷ ಬಿಟ್ಟುಕೊಡುತ್ತಿದ್ದಳು. ಬ್ಯಾಂಕಿನಲ್ಲಿ ಚಲನ್ ತುಂಬುವುದು, ತರಕಾರಿಯವನ ಹತ್ತಿರ ಚೌಕಾಸಿ, ಮನೆ ಮಾಲೀಕರು ಸಲ್ಲದ್ದು ಕೇಳಿದರೆ ಮುಖ ಕೊಟ್ಟು ಉತ್ತರ ಹೇಳುವುದು, ಇವೆಲ್ಲ ಆ ವರ್ಷದಲ್ಲಿ ಕಲಿಯಬೇಕು, ಆಮೇಲೆ ತಮ್ಮ ಕಾಲ ಮೇಲೆ ಹೊರಡಬೇಕು. ಮಂಜುಳಕ್ಕ ಹಾಗೆ ಬಂದವರಲ್ಲಿ ಮೂರನೆಯವಳು. ಹನ್ನೆರಡನೇ ವಯಸ್ಸಿನಿಂದ ಆಶ್ರಮದ ಅಡುಗೆಮನೆಯಲ್ಲಿ ದುಡಿದವಳು. ಬೊಗಸೆ ಉಪ್ಪು, ಮೊರದಷ್ಟು ಬೇಳೆ ಅವಳ ಅಳತೆ. ಆ ಸಾರನ್ನು ಎದುರು ಮನೆ, ಪಕ್ಕದ ಮನೆ, ಮೂಲೆಯ ಇಸ್ತ್ರಿಯವನ ಮನೆಗೆಲ್ಲ ಹಂಚಿ ಮುಗಿಸಲು ಎರಡು ದಿನ ಬೇಕಾಯಿತು.

ಆ ವರ್ಷವಿಡೀ ದೊಡ್ಡಮ್ಮ ಅವಳ ಕೈ ಚಿಕ್ಕದು ಮಾಡುವುದರಲ್ಲೇ ಕಳೆದಳು. ಎಂಬತ್ತು ಹತ್ತಾಯಿತು, ಹತ್ತು ಆರಾಯಿತು, ಯುಗಾದಿ ಹೊತ್ತಿಗೆ ನಾಲ್ಕಕ್ಕೆ ಬಂತು. ಅಷ್ಟರಲ್ಲಿ ಅವಳಿಗೆ ಚಿಕ್ಕಪೇಟೆಯಲ್ಲೇ ಸಿದ್ಧ ಉಡುಪು ಹೊಲಿಯುವ ಕಡೆ ಕೆಲಸ ಸಿಕ್ಕಿತು, ಶ್ರೀನಗರ ಬಡಾವಣೆಯ ವಠಾರವೊಂದರಲ್ಲಿ ಮುಂದಿನ ತಿಂಗಳಿಗೆ ಒಂದು ಕೋಣೆಯೂ ಗೊತ್ತಾಯಿತು. ಕೊನೆಯ ಪರೀಕ್ಷೆಯೆಂದು ದೊಡ್ಡಮ್ಮ ಮಹಡಿಗೆ ಒಂದು ಒಲೆ ಇಡಿಸಿದಳು. ಆ ತಿಂಗಳು ಮಂಜುಳಕ್ಕ ತನ್ನೊಬ್ಬಳಿಗೆ ಮಾತ್ರ ಅಡುಗೆ ಮಾಡಿಕೊಂಡು ಉಣ್ಣಬೇಕು. ಒಂದು ಅಗುಳೂ ಕೆಳಗೆ ಬರಕೂಡದು, ಚೆಲ್ಲಲೂ ಕೂಡದು. ಮೊದಲ ದಿನ ಅವಳು ತಂದ ಪಲ್ಯದ ಬಟ್ಟಲನ್ನು ದೊಡ್ಡಮ್ಮ ಮುಟ್ಟಲಿಲ್ಲ. “ಶ್ರೀನಗರದಿಂದ ನಮ್ಮನೆಗೆ ಬಟ್ಟಲು ಹಿಡ್ಕೊಂಡು ಬರ್ತೀಯೇನೇ? ತಗೊಂಡ್ಹೋಗು ಮೇಲಕ್ಕೆ,” ಎಂದು ಕಳಿಸಿದಳು. ಎರಡನೇ ವಾರದಿಂದ ಮಹಡಿಯ ಪಾತ್ರೆಗಳು ದಿನವೂ ಖಾಲಿಯಾಗಿ, ಉಜ್ಜಿ ಬೆಳಗಿದ್ದರಿಂದ ಹೊಳೆಯುತ್ತಿದ್ದವು. “ಕಲಿತ್ಲು ನೋಡ್ರಿ,” ಎಂದು ದೊಡ್ಡಮ್ಮ ದೊಡ್ಡಪ್ಪನ ಮುಂದೆ ಬೀಗಿದಳು.

ಖಾಲಿ ಮಾಡುತ್ತಿದ್ದವಳು ನಾನು. ಹೋಮ್‌ವರ್ಕ್ ನೆಪದಲ್ಲಿ ಮೇಲೆ ಹೋದಾಗ ಮಂಜುಳಕ್ಕ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾ ಇರುತ್ತಿದ್ದಳು, ಬಾಯಿಗೆ ಒಯ್ಯುತ್ತಿರಲಿಲ್ಲ. “ನೀನು ತಿನ್ನದಿದ್ರೂ ಸರಿ ಪುಟ್ಟಿ, ಸುಮ್ನೆ ಎದುರಿಗೆ ಕೂತ್ಕೋ. ಪಕ್ಕದಲ್ಲಿ ತಟ್ಟೆ ಸದ್ದಿಲ್ದೆ ನಂಗೆ ಗಂಟಲಲ್ಲಿ ಇಳಿಯಲ್ಲ,” ಅಂದಳು ಒಂದು ದಿನ. ಎದುರಿಗೆ ಸುಮ್ಮನೆ ಕೂರಲು ಎಷ್ಟು ದಿನ ಆಗುತ್ತದೆ? ಮಾರನೆಯ ದಿನ ನನಗೂ ತಟ್ಟೆ ಬಂತು. ಅಲ್ಲಿ ಉಂಡು ಕೆಳಗೆ ಬಂದ ನನಗೆ ಊಟ ಸೇರದಿದ್ದಾಗ, ಹೊಟ್ಟೆಯಲ್ಲಿ ಜಂತುಹುಳು ಎಂದುಕೊಂಡ ದೊಡ್ಡಮ್ಮ ಹತ್ತು ದಿನ ಓಮದ ಕಷಾಯ ಕುಡಿಸಿದಳು. ಮೂಗು ಹಿಡಿದು ಕುಡಿದೆ, ಬಾಯಿ ಬಿಡಲಿಲ್ಲ. ಮಂಜುಳಕ್ಕನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಲೆಕ್ಕ.

ಮಂಜುಳಕ್ಕ ಶ್ರೀನಗರಕ್ಕೆ ಹೋಗಿ ಮೂರು ವಾರವಾಗಿತ್ತು. ಒಂದು ಸಂಜೆ ದೊಡ್ಡಪ್ಪ ಅಂಗಡಿಯಿಂದ ಬಂದವರೇ, “ಆ ಹುಡುಗಿ ದಿನಾ ನಮ್ಮಂಗಡಿ ಹತ್ರದ ಬೇಕರಿ ಮುಂದೆ ನಿಂತ್ಕೊಂಡು ಬನ್ನು ತಿಂತಿರ್ತಾಳೆ ಕಣೇ. ಇವತ್ತು ಮಾತಾಡಿಸ್ದೆ. ಕೆನ್ನೆ ಒಳಕ್ಕೆ ಹೋಗಿದೆ. ಒಲೆ ಹಚ್ಚೋದೇ ಇಲ್ವಂತೆ,” ಅಂದರು.

“ಇಲ್ಲಿ ಚೆನ್ನಾಗಿ ಮಾಡ್ಕೊಂಡು ತಿಂತಿದ್ಲಲ್ಲ!” ಅಂದಳು ದೊಡ್ಡಮ್ಮ.

ಆಗ ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಏಟು ಬೀಳುತ್ತದೆ ಎಂದು ಬೆನ್ನು ಬಗ್ಗಿಸಿ ನಿಂತಿದ್ದೆ. ದೊಡ್ಡಮ್ಮ, “ಅಷ್ಟು ಕಷಾಯ ಸುಮ್ನೆ ಕುಡಿದ್ಯಲ್ಲೇ ಮುಂಡೇದೆ,” ಅಂದಳು. ದೊಡ್ಡಪ್ಪ ನಕ್ಕರು. ಆಮೇಲೆ, “ಮಹಡಿ ಖಾಲಿ ಇದೆ, ಕರ್ಕೊಂಡ್ಬಾ ಅವಳನ್ನ,” ಅಂದರು. ದೊಡ್ಡಮ್ಮ ಒಪ್ಪಲಿಲ್ಲ. “ಕರೆದ್ರೆ ಓಡಿ ಬರ್ತಾಳೆ. ಆಮೇಲೆ ಈ ಜನ್ಮದಲ್ಲಿ ಎಲ್ಲಿಗೂ ಹೋಗಲ್ಲ. ನಂದೇ ತಪ್ಪು. ನಾನಾದ್ರೂ ಒಬ್ಬಳೇ ಕೂತು ಉಂಡಿದ್ದು ಯಾವತ್ತು? ನಂಗೇ ಗೊತ್ತಿಲ್ದೇ ಇರೋದನ್ನ ಅವಳಿಗೆ ಹೇಳ್ಕೊಡೋಕೆ ಹೋದೆ.”

ಮಾರನೆಯ ಸಂಜೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಕೈಯಲ್ಲಿ ಬುತ್ತಿ ಇರಲಿಲ್ಲ, ಹಣ್ಣೂ ಇರಲಿಲ್ಲ. ವಠಾರದ ಕೊನೆಯ ಕೋಣೆಯ ಹೊಸ್ತಿಲು ದಾಟಿದವಳೇ ಗೋಡೆಗೆ ಒರಗಿ ಕೂತು, “ಹಸಿವು ಕಣೇ. ಏನಿದೆ ಹಾಕು,” ಅಂದಳು. ಏನೂ ಇರಲಿಲ್ಲ. ಮಂಜುಳಕ್ಕ ನಾಚಿಕೆಯಿಂದ ಗಡಿಬಿಡಿಯಲ್ಲಿ ಅಕ್ಕಿ ತೊಳೆದು ಅನ್ನಕ್ಕಿಟ್ಟು, ತಿಳಿಸಾರು ಮಾಡಿ ಬಡಿಸಿದಳು. ಮೂವರೂ ಕೂತು ಉಂಡೆವು. ಹೊರಡುವಾಗ ದೊಡ್ಡಮ್ಮ, “ಮತ್ತೆ ಬರ್ತೀನಿ. ಯಾವತ್ತು ಅಂತ ಹೇಳಲ್ಲ. ಬಂದಾಗ ಅನ್ನ ಇರ್ಬೇಕು,” ಅಂದಳು. “ನೀವು ಬರದೇ ಇದ್ರೆ ಆಂಟಿ?” ಎಂದು ಮಂಜುಳಕ್ಕ ಕೇಳಿದಳು. “ಆರಿಹೋಗೋಕ್ಮುಂಚೆ ನೀನು ತಿನ್ನು.”

ಹಾಗೆಯೇ ನಡೆಯಿತು. ಒಂದು ವಾರ ಎರಡು ಸಲ ಹೋಗುತ್ತಿದ್ದೆವು, ಇನ್ನೊಂದು ವಾರ ಹೋಗುತ್ತಲೇ ಇರಲಿಲ್ಲ. ಯಾವಾಗ ಹೋದರೂ ಒಲೆಯ ಪಕ್ಕ ಮುಚ್ಚಿಟ್ಟ ಅನ್ನ ಇರುತ್ತಿತ್ತು. ಮೊದಮೊದಲು ಮೂವರಿಗಾಗುವಷ್ಟು, ಬರಬರುತ್ತಾ ಒಬ್ಬಳಿಗಿಂತ ಒಂದು ಹಿಡಿ ಹೆಚ್ಚು. ಅವಳ ಕೆನ್ನೆ ತುಂಬಿಕೊಂಡಿತು. ಗೋಡೆಗೆ ಕ್ಯಾಲೆಂಡರ್ ಬಂತು, ಕಿಟಕಿಗೆ ತಾನೇ ಹೊಲಿದ ಪರದೆ. ದಸರಾ ಕಳೆದ ಮೇಲೆ ಒಂದು ಸಂಜೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಕೋಣೆಯ ಹೆಂಗಸು, “ಕೆಲಸದೋರೆಲ್ಲಾ ಸೇರ್ಕೊಂಡು ಸಿನಿಮಾಕ್ಕೆ ಹೋದ್ರು. ಅನ್ನ ಬೇಗ ಮಾಡ್ಕೊಂಡು ಒಬ್ಬಳೇ ಕೂತು ತಿಂದೇ ಹೋದ್ಲು,” ಅಂದಳು. ದೊಡ್ಡಮ್ಮ ಆ ಬೀಗವನ್ನು ಒಮ್ಮೆ ಜಗ್ಗಿ ನೋಡಿದಳು. ಬಸ್ ಸ್ಟಾಪಿನವರೆಗೂ ನನಗಿಂತ ಮುಂದೆ ದಾಪುಗಾಲು ಹಾಕಿದಳು. ಸಿಟ್ಟಾಗಿದ್ದಾಳೆ ಅಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ತನ್ನಷ್ಟಕ್ಕೆ ನಗುತ್ತಿದ್ದಳು.

ಈಗ ಆ ಮನೆ ಇದ್ದ ಜಾಗದಲ್ಲಿ ಐದು ಅಂತಸ್ತಿನ ಫ್ಲಾಟುಗಳಿವೆ. ದೊಡ್ಡಪ್ಪ ಇಲ್ಲ, ದೊಡ್ಡಮ್ಮನೂ ಇಲ್ಲ. ಮಹಡಿಯ ಕೋಣೆಯಲ್ಲಿ ಇದ್ದು ಹೋದ ಹುಡುಗಿಯರು ಎಷ್ಟು ಜನ ಎಂದು ಕರಾರುವಾಕ್ಕಾಗಿ ಹೇಳಬಲ್ಲವರೂ ಇಲ್ಲ. ಆ ಬೀಗ ನೋಡಿ ಬಂದ ಮೇಲೆ ದೊಡ್ಡಮ್ಮ ಹೇಳದೆ ಕೇಳದೆ ಶ್ರೀನಗರಕ್ಕೆ ಹೋಗುವುದನ್ನು ನಿಲ್ಲಿಸಿದಳು. ಎರಡು ತಿಂಗಳಾದ ಮೇಲೆ ಮಂಜುಳಕ್ಕನೇ ನಮ್ಮಲ್ಲಿಗೆ ಬಂದು, “ಮೂವರೂ ಭಾನುವಾರ ನಮ್ಮನೆಗೆ ಊಟಕ್ಕೆ ಬರ್ಬೇಕು,” ಎಂದು ಕರೆದಳು. ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಬೀರು ತೆಗೆದು, ನೆಂಟರ ಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟಳು.