ಉಲ್ಟಾ ಉಜ್ಜುವವರ ಊರಿನಲ್ಲಿ

ಮೊರ ನೋಡುವುದಕ್ಕೆ ಯಾರಾದರೂ ಜಪಾನಿಗೆ ಹೋಗುತ್ತಾರೆಯೇ? ನಾನು ಹೋಗಿದ್ದೆ, ನಗಬೇಡಿ. ನಾಗಮಂಗಲದ ಪಕ್ಕದ ನಮ್ಮೂರಲ್ಲಿ ಅಡುಗೆಮನೆಯ ಮೊಳೆಗೆ ನೇತುಬಿದ್ದು, ರಾಗಿ ಕೇರುವುದಕ್ಕೂ ನನ್ನ ಬೆನ್ನಿಗೆ ಬಾರಿಸುವುದಕ್ಕೂ ಅವ್ವನಿಗೆ ಸಮನಾಗಿ ಒದಗುತ್ತಿದ್ದ ಆ ಬಡಪಾಯಿಯ ದಾಯಾದಿಯೊಂದು ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ತಲೆಯ ಮೇಲೆ ದೀಪ ಹಾಕಿಸಿಕೊಂಡು, ಮದುಮಗಳ ಹಾಗೆ ಕೂತಿತ್ತು. ಅಭ್ಯಾಸಬಲದಿಂದ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಕಂಪನಿ, ಹೊಸ ಮಷಿನ್ನು ನಡೆಸುವುದನ್ನು ಕಲಿಯಲೆಂದು. ಭಾನುವಾರ ಬಂದರೆ ಜೊತೆಯವರೆಲ್ಲ ರೈಲು ಹತ್ತಿ ದೊಡ್ಡ ಊರಿಗೆ ಹೋಗುತ್ತಿದ್ದರು. ರೈಲು ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಪಾರಂಗತನಾದ ನಾನು ಹಳ್ಳಿಯಲ್ಲೇ ಉಳಿದು ಮ್ಯೂಸಿಯಂ ಸುತ್ತುತ್ತಿದ್ದೆ. ಅಲ್ಲಿ ಪ್ರತಿ ಹಳ್ಳಿಗೂ ಒಂದೊಂದು ಮ್ಯೂಸಿಯಂ ಇದೆಯೋ ಏನೋ! ಇದಂತೂ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕಟ್ಟಡ. ನಾನು ಕಂಡಿದ್ದ ಮ್ಯೂಸಿಯಂ ಎಂದರೆ ಸ್ಕೂಲಿನ ಪ್ರವಾಸದಲ್ಲಿ ನೋಡಿದ ಶ್ರೀರಂಗಪಟ್ಟಣದ್ದು. ಕತ್ತಿ, ಫಿರಂಗಿ, ರಾಜರ ಚಿತ್ರ. ಪೆಟ್ಟಿಗೆ ಸೇರಬೇಕಾದರೆ ರಾಜನಾಗಿರಬೇಕು, ಇಲ್ಲವೇ ರಾಜನ ಕೈಯಲ್ಲಿ ಸತ್ತಿರಬೇಕು ಎಂದೇ ನಂಬಿದ್ದವನಿಗೆ, ನೇಗಿಲು, ಒನಕೆ, ಹುಲ್ಲಿನ ಚಪ್ಪಲಿಗಳು ಸಿಂಹಾಸನವೇರಿ ಕೂತದ್ದು ಕಂಡು ಹೊಟ್ಟೆಕಿಚ್ಚಾಯಿತು.

ಬಡಗಿ ಸಾಮಾನಿನ ಕೋಣೆಯಲ್ಲಿ ಇದ್ದಾಗಲೇ ಊರಿನಿಂದ ಅಪ್ಪನ ವಿಡಿಯೋ ಕಾಲ್ ಬಂತು.

"ಲೇ, ಬೆಳ್ಳೂರು ಕ್ರಾಸಿಂದ ಗುಜರಿಯವ್ನು ಬಂದವ್ನೆ. ಬಾಚಿ, ಉಳಿ, ಉಜ್ಜುಗೊರಡು ಎಲ್ಲಾನೂ ಚೀಲಕ್ಕೆ ತುಂಬಿವ್ನಿ. ನಿನ್ ಹಳೇ ಕ್ರಿಕೆಟ್ ಬ್ಯಾಟೂ ಹಾಕ್ಬುಡ್ಲಾ?"

ನನ್ನ ಎದೆ ಧಸಕ್ಕೆಂದಿತು. ಬ್ಯಾಟಿಗಲ್ಲ, ಆ ಬ್ಯಾಟು ಚೆಂಡನ್ನು ಕಂಡದ್ದೇ ಅಪರೂಪ. ನಮ್ಮದು ಆಚಾರಿ ಮನೆ. ಆ ಉಜ್ಜುಗೊರಡು ತಾತನದು. ಹಲಗೆಯ ಮೇಲೆ ಅದು ಓಡಿದರೆ ಏಳುತ್ತಿದ್ದ ಮರದ ಸುರುಳಿಗಳನ್ನು ಕಿವಿಗೆ ಓಲೆಯಂತೆ ಸಿಕ್ಕಿಸಿಕೊಂಡೇ ನಾನು ಬೆಳೆದದ್ದು. ರೆಡಿಮೇಡ್ ಬಾಗಿಲು ಬಂದ ಮೇಲೆ ಅವೆಲ್ಲ ಮೂಲೆ ಸೇರಿದ್ದವು, ಅವುಗಳ ಸಂದಿಯಲ್ಲಿ ಚೇಳು ಸಂಸಾರ ಹೂಡುತ್ತವೆಂದು ಅವ್ವನ ತಕರಾರು. ಕೊಡಬೇಡ ಅನ್ನಲು ಬಾಯಿ ಬಂತು, ಧೈರ್ಯ ಬರಲಿಲ್ಲ. "ಇಟ್ಕೊಂಡ್ರೆ ನೀನು ಉಜ್ಜೀಯೇನ್ಲಾ?" ಎಂದರೆ ಏನು ಹೇಳಲಿ? ನಾನು ಪೆನ್ಸಿಲ್ ಚೂಪು ಮಾಡಿದರೂ ಬೆರಳಿಗೆ ಬ್ಯಾಂಡೇಜು.

"ಅಪ್ಪ, ಒಂದ್ನಿಮಿಷ, ಇಲ್ನೋಡು" ಎಂದು ಫೋನನ್ನು ಗಾಜಿನ ಕಡೆ ತಿರುಗಿಸಿದೆ.

"ಅಯ್ಯೋ, ಉಳಿ ಅಲ್ವೇನ್ಲಾ! ಯಾಕೆ ಇಂಗೆ ಕೂಡಾಕವ್ರೆ? ಏನ್ ಕದ್ದಿದ್ವಂತೆ?"

"ಮರ್ಯಾದೆ ಕಣಪ್ಪ. ನಿನ್ನವನ್ನೂ ಇಂಗೆ ಇಡ್ಬೋದು."

"ನಾನಿನ್ನೂ ಸತ್ತಿಲ್ಲ ಕಣ್ಲಾ."

ಅಷ್ಟರಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಅಜ್ಜ ಹತ್ತಿರ ಬಂದ. ಫೋನಿನೊಳಗಿನ ಅಪ್ಪನಿಗೆ ನಡು ಬಗ್ಗಿಸಿ ನಮಸ್ಕರಿಸಿದ. ಅಪ್ಪನೂ ಮರಗೆಲಸದವನೆಂದು ನಾನು ಕೈಸನ್ನೆಯಲ್ಲಿ ಹೇಳಿದ್ದೇ ತಡ, ನೋಡುಗರು ಮುಟ್ಟಲೆಂದು ಇಟ್ಟಿದ್ದ ಉಜ್ಜುಗೊರಡನ್ನು ಹಲಗೆಯ ಮೇಲಿಟ್ಟು ತನ್ನ ಕಡೆಗೆ ಸರ್ರನೆ ಎಳೆದ. ಅಂಗೈಯಗಲದ ಸುರುಳಿ, ದೋಸೆಯಷ್ಟು ತೆಳ್ಳಗೆ ಎದ್ದು ಬಂತು.

ಅಪ್ಪ ಕೆಂಡವಾದ. "ಯಾರ್ಲಾ ಅವ್ನು, ಉಲ್ಟಾ ಎಳೀತಾವ್ನೆ? ಮುಂದಕ್ಕೆ ತಳ್ಬೇಕು ಅಂತ ಹೇಳ್ಲಾ!"

"ಇಲ್ಲಿ ಎಳೆಯೋದೇ ಕಣಪ್ಪ."

"ಮರಕ್ಕೆ ಅಲ್ಲೊಂದು ಇಲ್ಲೊಂದು ಅಂತ ಐತಾ? ಆಚಾರಿ ಮಗ ನೀನು, ತಳ್ಳಿ ತೋರ್ಸು!"

ತಲೆಮಾರುಗಳ ಗೌರವ ನನ್ನ ಸಣಕಲು ರಟ್ಟೆಗೆ ಬಂತು. ಫೋನನ್ನು ಅಜ್ಜನ ಕೈಗಿತ್ತು, ಉಸಿರು ಬಿಗಿಹಿಡಿದು, ದೂಡಿದೆ. ಎಳೆಯಲೆಂದು ಕೂಡಿಸಿದ ಅಲಗು ತಳ್ಳಿದರೆ ಮರವನ್ನು ಕಚ್ಚೀತೇ? ಕೊರಡು ಎಣ್ಣೆ ಸವರಿದಂತೆ ಜಾರಿತು, ಅದರ ಹಿಂದೆ ನಾನೂ ಜಾರಿದೆ, ಹಲಗೆ ಮುಗಿದರೂ ನಾನು ಮುಗಿಯಲಿಲ್ಲ. ಕೊನೆಗೆ ಹುಲ್ಲಂಗಿ ತೊಟ್ಟು ನಿಂತಿದ್ದ ಬೊಂಬೆ ರೈತನೊಬ್ಬನನ್ನು ಬಹುಕಾಲದ ನೆಂಟನಂತೆ ತಬ್ಬಿಕೊಂಡು ನೆಲ ಕಂಡೆ.

ಅಜ್ಜ ಮೊದಲು ಬೊಂಬೆಯನ್ನು ಎಬ್ಬಿಸಿದ, ಆಮೇಲೆ ನನ್ನನ್ನು. ಆ ಕೋಣೆಯಲ್ಲಿ ಯಾರ ಬೆಲೆ ಎಷ್ಟೆಂದು ಅವನಿಗೆ ಗೊತ್ತಿತ್ತು. ಸುಮ್ಮನೆ ಇಟ್ಟರೆ ವಸ್ತು ಉಳಿಯುತ್ತದೆ, ಸರಿ. ಆದರೆ ಅದನ್ನು ಹಿಡಿಯುವ ಕೈಚಳಕ ಎಲ್ಲಿ ಉಳಿಯುತ್ತದೆ ಎಂದು, ಮೊಣಕಾಲು ಉಜ್ಜಿಕೊಳ್ಳುತ್ತಾ ಯೋಚಿಸಿದೆ. ನನ್ನ ಕೈಯಲ್ಲಂತೂ ಅಲ್ಲ, ಅದನ್ನು ಎರಡು ದೇಶಗಳ ಮುಂದೆ ಸಾಬೀತು ಮಾಡಿಯಾಗಿತ್ತು.

"ಮಾನ ಕಳ್ದೆ" ಎಂದಿತು, ಅಜ್ಜ ನನ್ನ ಕೈಗೆ ಮರಳಿಸಿದ ಫೋನು. ಆಮೇಲೆ ಚೀಲ ಸುರಿದ ಸದ್ದು.

"ಅಣ್ಣೋ, ತೂಕಕ್ಕೆ ಹಾಕಿದ್ನಲ್ಲ!" ಗುಜರಿಯವನ ದನಿ.

"ಇರಯ್ಯ, ಇಲ್ಲಿ ಆಚಾರಿ ಮಾನ ಹೋಯ್ತಾ ಐತೆ!"

ಪರದೆಯಲ್ಲಿ ಅಪ್ಪ ಕಚ್ಚೆ ಬಿಗಿದು, ಹಳೆಯ ಬಾಗಿಲೊಂದರ ಮೇಲೆ ತಾತನ ಕೊರಡನ್ನಿಟ್ಟು ತಳ್ಳಿದ. ತುಕ್ಕು ಮೊದಲು ಕಿರುಚಿತು, ಆಮೇಲೆ ಮರ ಹಾಡಿತು. ಇಲ್ಲಿ ಅಜ್ಜ ಎಳೆದ. ಅಲ್ಲಿ ಅಪ್ಪ ತಳ್ಳಿದ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದೆ ಇಬ್ಬರೂ ಬೈದುಕೊಂಡರೋ ಹೊಗಳಿಕೊಂಡರೋ, ಫೋನು ಹಿಡಿದು ಕಂಬವಾಗಿ ನಿಂತಿದ್ದ ನನಗೆ ತಿಳಿಯಲಿಲ್ಲ.

ಗುಜರಿಯವನು ತಕ್ಕಡಿ ಎತ್ತಿಕೊಂಡು ಗೊಣಗಿದ: "ಕೊಡೋ ಅಂಗಿದ್ರೆ ಕೊಡಿ ಅಣ್ಣ, ಸುಮ್ನೆ ನಿಲ್ಲುಸ್ಬ್ಯಾಡಿ."

ಅಪ್ಪ ಬೆವರು ಒರೆಸಿಕೊಳ್ಳುತ್ತಾ ಅಂದ: "ಕೊಡಾಕಿಲ್ಲ ಓಗಯ್ಯ. ಬರೋ ಭಾನ್ವಾರ ಆ ಉಲ್ಟಾ ಮುದ್ಕ ಮತ್ತೆ ಎಳ್ಕಂಡು ಕೂತಿರ್ತಾನೆ. ನಾನು ಬರಿಗೈಲಿ ನೋಡ್ತಾ ಕೂತ್ಕೊಳ್ಲಾ?"